ನಾಲೆಯೇ ಬೀದಿಯಾದ ಊರಿನಲ್ಲಿ ಎರಡು ರಾತ್ರಿ

ಮನೆಯನ್ನೇ ಬೆನ್ನ ಮೇಲೆ ಹೊತ್ತು ಪ್ರವಾಸ ಹೊರಡುವುದೆಂದರೆ ನಿಮಗೇನು ನೆನಪಾಗುತ್ತದೆ? ನನಗಂತೂ ಮಳೆಗಾಲದಲ್ಲಿ ಹಿತ್ತಿಲ ಗೋಡೆಯ ಮೇಲೆ ಹರಿದಾಡುವ ಬಸವನಹುಳು ನೆನಪಾಯಿತು. ಕಳೆದ ಮೇ ತಿಂಗಳಿನಲ್ಲಿ ನೆದರ್‌ಲ್ಯಾಂಡ್ಸಿನ ಆಮ್‌ಸ್ಟೆಲ್‌ವೇನ್ ಊರಿನಲ್ಲಿರುವ ಮಗಳ ಮನೆಗೆ ಹೋಗಿದ್ದೆ. ಒಂದು ಗುರುವಾರ ಬೆಳಿಗ್ಗೆ ಅಳಿಯ ಬಾಡಿಗೆಯ ಕ್ಯಾಂಪರ್ ವ್ಯಾನೊಂದನ್ನು ಬಾಗಿಲ ಮುಂದೆ ತಂದು ನಿಲ್ಲಿಸಿ, "ಅತ್ತೆ, ಹತ್ತಿ. ಇನ್ನು ಎರಡು ರಾತ್ರಿ ಇದೇ ನಮ್ಮ ಮನೆ" ಅಂದರು. ಬಸವನಹುಳುವಿನ ಪಾಡು ನನಗೂ ಬಂತಲ್ಲಪ್ಪಾ ಅಂದುಕೊಂಡೇ ಹತ್ತಿದೆ.

ಮನಸ್ಸು ಮಾತ್ರ ಅಷ್ಟು ಹಗುರವಾಗಿರಲಿಲ್ಲ. ಹಿಂದಿನ ರಾತ್ರಿ ಊರಿನಿಂದ ಮಗ ಫೋನು ಮಾಡಿದ್ದ. ನಮ್ಮದು ಮಂಡ್ಯದ ಕಡೆಯ ಒಂದು ಚಿಕ್ಕ ಊರು. ತವರಿನಿಂದ ನನ್ನ ಪಾಲಿಗೆ ಬಂದ ಒಂದೂವರೆ ಎಕರೆ ಗದ್ದೆ ನಾಲೆಯ ಬದಿಯಲ್ಲೇ ಇದೆ. ಇಟ್ಟಿಗೆ ಗೂಡಿನವರೊಬ್ಬರು ಆ ಗದ್ದೆಯ ಮೇಲ್ಮಣ್ಣನ್ನು ಕೇಳುತ್ತಿದ್ದರು. "ಗದ್ದೆ ನಿಮ್ಮದೇ ಇರುತ್ತೆ ತಾಯಿ, ಮೂರಡಿ ಮಣ್ಣು ಮಾತ್ರ ತಗೋತೀವಿ" ಅನ್ನುವ ಮಾತು. ಮಗನಿಗೆ ಅಂಗಡಿ ದೊಡ್ಡದು ಮಾಡುವ ಆಸೆ. "ಅಮ್ಮ, ಸಹಿ ನಿಂದೇ ಆಗ್ಬೇಕು. ಬಂದ ತಕ್ಷಣ ಹಾಕ್ಬಿಡು" ಅಂದಿದ್ದ. "ನೋಡೋಣ ಕಣೋ" ಅಂತ ಫೋನು ಇಟ್ಟಿದ್ದೆ. ಆ "ನೋಡೋಣ"ವೂ ನನ್ನ ಜೊತೆಗೇ ವ್ಯಾನು ಹತ್ತಿತು ಎನ್ನಿ.

ಚಕ್ರದ ಮೇಲಿನ ಅಡಿಗೆಮನೆ

ಮೊದಲು ಈ ವ್ಯಾನಿನ ಸಂಸಾರ ಹೇಗಿತ್ತು ಅಂತ ಹೇಳಿಬಿಡುತ್ತೇನೆ. ಚಾಲಕರ ಸೀಟಿನ ಮೇಲ್ಗಡೆ ನಮ್ಮ ಅಟ್ಟದ ಹಾಗೆ ಒಂದು ಹಾಸಿಗೆ. ಅದು ಮಗಳು ಅಳಿಯನಿಗೆ. ಹಗಲು ಊಟದ ಮೇಜಾಗಿದ್ದದ್ದನ್ನು ರಾತ್ರಿ ಕೆಳಕ್ಕಿಳಿಸಿದರೆ ನನಗೂ ಏಳು ವರ್ಷದ ಮೊಮ್ಮಗಳಿಗೂ ಮಂಚ. ಎರಡು ಉರಿಯ ಗ್ಯಾಸ್ ಒಲೆ, ಸೊಂಟದೆತ್ತರದ ಫ್ರಿಜ್ಜು, ಅಂಗೈಯಗಲದ ಸಿಂಕು. ಒಬ್ಬರು ನಿಂತರೆ ಇನ್ನೊಬ್ಬರು ಕೂರಬೇಕು, ಅಷ್ಟೇ ಜಾಗ.

ಇಲ್ಲಿ ಎಲ್ಲ ಬೀರುಗಳಿಗೂ ಚಿಲಕ ಇರುತ್ತದೆ. ಹೊರಡುವ ಮುಂಚೆ ಅದನ್ನು ಹಾಕಲೇಬೇಕು. ನಾನು ಮರೆತೆ ನೋಡಿ! ಮೊದಲನೇ ತಿರುವಿನಲ್ಲೇ ಅವಲಕ್ಕಿ ಡಬ್ಬ ಹಾರಿ ಬಂದು ಅಳಿಯನ ಸೀಟಿನ ಹಿಂದೆ ಬಿತ್ತು. ಮೊಮ್ಮಗಳಿಗೆ ನಗುವೋ ನಗು. ಗುಡಿಸೋದಕ್ಕೆ ಪೊರಕೆಯೂ ಗೇಣುದ್ದದ್ದೇ!

ನೀರಿನ ತೊಟ್ಟಿ ನೂರು ಲೀಟರಿನದು. ನಾಲ್ಕು ಜನರ ಸ್ನಾನ, ಪಾತ್ರೆ, ಅಡಿಗೆ ಎಲ್ಲಕ್ಕೂ ಅದೇ. ತೊಳೆದ ನೀರು ಕೆಳಗಿನ ಇನ್ನೊಂದು ತೊಟ್ಟಿಯಲ್ಲಿ ಸೇರುತ್ತದೆ. ಅದನ್ನಾಗಲಿ, ಶೌಚದ ಪೆಟ್ಟಿಗೆಯನ್ನಾಗಲಿ ಕಂಡಕಂಡಲ್ಲಿ ಚೆಲ್ಲುವಂತಿಲ್ಲ. ಅದಕ್ಕೆಂದೇ ಗೊತ್ತು ಮಾಡಿದ ಜಾಗದಲ್ಲಿ ಖಾಲಿ ಮಾಡಬೇಕು. ಆ ಕೆಲಸ ಅಳಿಯನ ಪಾಲಿಗೆ ಬಂತು; ಮುಖ ಸಿಂಡರಿಸದೆ ಮಾಡಿದರು, ಪುಣ್ಯಾತ್ಮ. ಕೊಳಾಯಿ ತಿರುಗಿಸಿ ಬಿಟ್ಟು ಪಾತ್ರೆ ಉಜ್ಜುವ ನಮ್ಮಂಥವರಿಗೆ ಇದೊಂದು ಪಾಠಶಾಲೆಯೇ ಸರಿ.

ಅಡಿಗೆಗೆ ನಾನು ಮಾಡಿಕೊಂಡಿದ್ದ ಉಪಾಯ ಇಷ್ಟು. ರವೆಯನ್ನು ಎಣ್ಣೆಯಲ್ಲಿ ಸಾಸಿವೆ, ಕಡಲೆಬೇಳೆ, ಕರಿಬೇವು, ಒಣಮೆಣಸಿನಕಾಯಿಯ ಒಗ್ಗರಣೆಯೊಂದಿಗೆ ಘಮ್ಮೆನ್ನುವಂತೆ ಹುರಿದು, ಆರಿಸಿ, ಉಪ್ಪು ಬೆರೆಸಿ ಡಬ್ಬಕ್ಕೆ ತುಂಬಿದ್ದೆ. ಒಂದು ಲೋಟ ರವೆಗೆ ಎರಡೂವರೆ ಲೋಟ ಕುದಿಯುವ ನೀರು, ಐದೇ ನಿಮಿಷ, ಉಪ್ಪಿಟ್ಟು ತಯಾರು. ಜೊತೆಗೆ ಪುಳಿಯೋಗರೆ ಗೊಜ್ಜು, ಚಟ್ನಿಪುಡಿ. ಮೊಸರಿಗೂ ಮಜ್ಜಿಗೆಗೂ ಆ ದೇಶದಲ್ಲಿ ಬರವಿಲ್ಲ. 'ಕಾರ್ನೆಮೆಲ್ಕ್' ಅಂತ ಅಂಗಡಿಯಲ್ಲಿ ಸಿಗುವುದು ಹುಳಿ ಮಜ್ಜಿಗೆಯೇ. ಇಂಗು, ಶುಂಠಿ, ಕೊತ್ತಂಬರಿ ಸೊಪ್ಪು ಹಾಕಿ ಕೊಟ್ಟರೆ ನೀರುಮಜ್ಜಿಗೆ ಅಲ್ಲ ಅಂತ ಯಾರೂ ಹೇಳಲಾರರು. ಜೀರಿಗೆ ಸೇರಿಸಿದ ಚೀಸು ಕೂಡ ಸಿಗುತ್ತದೆ. ದೂರದ ದೇಶದಲ್ಲಿ ಜೀರಿಗೆಯ ವಾಸನೆ ಬಂದಾಗ ಆಗುವ ಸಂತೋಷ ನಿಮಗೂ ಗೊತ್ತಾಗಲಿ!

ಸಮುದ್ರದ ತಳದ ಮೇಲೆ ಸವಾರಿ

ನಾವು ಹೊರಟದ್ದು ಓವರ್‌ಐಸಲ್ ಪ್ರಾಂತ್ಯದ ಒಂದು ಹಳ್ಳಿಗೆ. ಹೆಸರನ್ನು ಇಂಗ್ಲಿಷಿನಲ್ಲಿ ಓದಿದರೆ 'ಗೀಥೂರ್ನ್' ಅನ್ನಬೇಕೆನಿಸುತ್ತದೆ. ಅಲ್ಲಿಯವರು ಗಂಟಲಿನ ಆಳದಿಂದ 'ಖೀಟ್‌ಹೋರ್ನ್' ಅನ್ನುತ್ತಾರೆ. 'ಮೇಕೆಯ ಕೊಂಬು' ಅಂತ ಅರ್ಥವಂತೆ. ಬಹಳ ಹಿಂದೆ ಇಲ್ಲಿಗೆ ಬಂದು ನೆಲೆಸಿದವರಿಗೆ ನೆಲ ಅಗೆಯುವಾಗ ಕಾಡುಮೇಕೆಗಳ ಕೊಂಬುಗಳು ರಾಶಿರಾಶಿ ಸಿಕ್ಕವು, 1170ರ ಮಹಾಪ್ರವಾಹದಲ್ಲಿ ಸತ್ತ ಮೇಕೆಗಳವು ಎಂಬುದು ಅಲ್ಲಿಯ ಜನ ಹೇಳಿಕೊಂಡು ಬಂದ ಕಥೆ.

ಆಮ್‌ಸ್ಟೆಲ್‌ವೇನ್‌ನಿಂದ ಸುಮಾರು ಎರಡು ಗಂಟೆಯ ದಾರಿ. ಅರ್ಧಕ್ಕಿಂತ ಹೆಚ್ಚು ದಾರಿಯಲ್ಲಿ ಎರಡೂ ಕಡೆ ಹಾಸಿದಂತೆ ಸಮತಟ್ಟಾದ ಹೊಲಗಳು. "ಅಮ್ಮ, ನಿಮ್ಮ ಕಾಲದಲ್ಲಿ ಇದೆಲ್ಲ ನೀರು" ಅಂದಳು ಮಗಳು. ನನ್ನ ವಯಸ್ಸನ್ನು ಹೀಗೆ ಏರಿಸಬೇಕೇ ಅಂತ ಗದರಿದೆ. ಆದರೆ ಮಾತು ಪೂರ್ತಿ ಸುಳ್ಳಲ್ಲ. ಹಿಂದೆ ಇಲ್ಲಿ ಜೈಡರ್‌ಜೀ ಎಂಬ ಸಮುದ್ರದ ಕೊಲ್ಲಿ ಇತ್ತು. 1932ರಲ್ಲಿ 32 ಕಿಲೋಮೀಟರು ಉದ್ದದ ಕಟ್ಟೆ ಹಾಕಿ ಸಮುದ್ರವನ್ನು ಹೊರಗೆ ನಿಲ್ಲಿಸಿದರು. ಆಮೇಲೆ ಒಳಗಿನ ನೀರನ್ನು ಭಾಗ ಭಾಗವಾಗಿ ಹೊರಹಾಕಿ ನೆಲ ಮಾಡಿಕೊಂಡರು. ಒಂದು ಭಾಗ ಒಣಗಿದ್ದು 1942ರಲ್ಲಿ, ಇನ್ನೊಂದು 1957ರಲ್ಲಿ, ಮತ್ತೊಂದು 1968ರಲ್ಲಿ. ನಡುವೆ ಸ್ಕಾಕ್‌ಲ್ಯಾಂಡ್ ಎಂಬ ಜಾಗ ಸಿಗುತ್ತದೆ. ಮೊದಲು ಅದು ದ್ವೀಪ. ಅಲೆಗಳು ಅದನ್ನು ತಿಂದು ತಿಂದು ಬದುಕುವುದೇ ಕಷ್ಟವಾಗಿ, 1859ರಲ್ಲಿ ಸರ್ಕಾರವೇ ಜನರನ್ನು ಅಲ್ಲಿಂದ ಎಬ್ಬಿಸಿತು. ಇಂದು ಆ ದ್ವೀಪ ಹೊಲಗಳ ನಡುವೆ ಒಂದು ದಿಬ್ಬದಂತೆ ಕೂತಿದೆ, ಸುತ್ತ ಹನಿ ಸಮುದ್ರವಿಲ್ಲ.

ಟ್ಯುಲಿಪ್ ಕಾಲ ಮುಗಿಯುತ್ತ ಬಂದಿತ್ತು. ಕೆಲವು ಹೊಲಗಳಲ್ಲಿ ಹೂವಿನ ತಲೆಗಳನ್ನೆಲ್ಲ ಕತ್ತರಿಸಿ ಹಾಕಿದ್ದರು. "ಅಯ್ಯೋ ಪಾಪ!" ಅಂದೆ. ಅಲ್ಲಿ ಬೆಳೆ ಎಂದರೆ ಹೂವಲ್ಲ, ನೆಲದೊಳಗಿನ ಗೆಡ್ಡೆ; ಹೂ ತೆಗೆದರೆ ಗೆಡ್ಡೆ ದಪ್ಪಗಾಗುತ್ತದೆ ಅಂತ ಅಳಿಯ ತಿಳಿಸಿ ಹೇಳಿದರು. ನೆಲವನ್ನು ಸಮುದ್ರದ ಬಾಯಿಂದ ಕಿತ್ತುಕೊಂಡ ಜನ. ಗೇಣು ಮಣ್ಣನ್ನೂ ಸುಮ್ಮನೆ ಬಿಟ್ಟಿಲ್ಲ.

ಬೀದಿ ಇಲ್ಲದ ಊರು

ಈ ದೇಶದಲ್ಲಿ ಕ್ಯಾಂಪರನ್ನು ರಾತ್ರಿ ಎಲ್ಲೆಂದರಲ್ಲಿ ನಿಲ್ಲಿಸಿಕೊಂಡು ಮಲಗುವಂತಿಲ್ಲ. ಊರ ಹೊರಗಿನ ಒಂದು ಚಿಕ್ಕ ಕ್ಯಾಂಪಿಂಗ್ ಮೈದಾನದಲ್ಲಿ ಜಾಗ ಕಾದಿರಿಸಿದ್ದೆವು. ವಿದ್ಯುತ್ತಿನ ತಂತಿ ಸಿಕ್ಕಿಸುವ ಕಂಬ, ನೀರಿನ ಕೊಳಾಯಿ, ಶುಭ್ರವಾದ ಬಚ್ಚಲುಮನೆಗಳು, ಎಲ್ಲವೂ ಇತ್ತು. ಕಾಫಿಗೆಂದು ನಾನು ವಿದ್ಯುತ್ ಕೆಟಲನ್ನೂ ಕೊಠಡಿ ಬೆಚ್ಚಗಾಗಿಸುವ ಹೀಟರನ್ನೂ ಒಟ್ಟಿಗೆ ಹಾಕಿದೆ. ಟಪ್ ಅಂತ ಎಲ್ಲ ಕತ್ತಲಾಯಿತು. ಅಲ್ಲಿ ಕೊಡುವ ವಿದ್ಯುತ್ತಿಗೆ ಒಂದು ಮಿತಿ ಇರುತ್ತದೆ, ಒಂದು ಸಲಕ್ಕೆ ಒಂದೇ ಉಪಕರಣ. ಮೈದಾನ ನೋಡಿಕೊಳ್ಳುತ್ತಿದ್ದ ಎಪ್ಪತ್ತು ದಾಟಿದ ಹೆಂಗಸು ಟಾರ್ಚು ಹಿಡಿದು ಬಂದು ಸರಿ ಮಾಡಿಕೊಟ್ಟರು. ನಾಚಿಕೆಯಿಂದ ಒಂದು ಲೋಟ ಕಾಫಿ ಕೊಟ್ಟೆ. ನಮ್ಮ ಫಿಲ್ಟರ್ ಕಾಫಿ ಅವರಿಗೆ ಹಿಡಿಸಿತು. ಪರಿಚಯ ಹೀಗೆ ಆಯಿತು.

ಅಲ್ಲಿ ಮೇ ತಿಂಗಳಲ್ಲಿ ರಾತ್ರಿ ಒಂಬತ್ತೂವರೆಯವರೆಗೂ ಬೆಳಕು. ಊಟ ಮುಗಿಸಿ ಊರು ನೋಡಲು ನಡೆದೇ ಹೋದೆವು. ಏನು ಹೇಳಲಿ! ಹಳೆಯ ಊರಿನ ನಡುವೆ ಬೀದಿಯೇ ಇಲ್ಲ. ಬೀದಿ ಇರಬೇಕಾದ ಕಡೆ ನಾಲೆ. ಒಂದು ಬದಿಯಲ್ಲಿ ನಡೆಯುವವರಿಗೆ, ಸೈಕಲ್ಲಿನವರಿಗೆ ಕಾಲುದಾರಿ. ಇನ್ನೊಂದು ಬದಿಯಲ್ಲಿ ಚಿಕ್ಕ ಚಿಕ್ಕ ದ್ವೀಪಗಳು, ಒಂದೊಂದರ ಮೇಲೂ ಒಂದು ಮನೆ, ಮನೆಗೊಂದು ಮರದ ಸೇತುವೆ. ಇಂಥ ಸೇತುವೆಗಳು 170ಕ್ಕೂ ಹೆಚ್ಚು. ಎಲ್ಲವೂ ನಡುವೆ ಕಮಾನಿನ ಹಾಗೆ ಎತ್ತರ, ಹುಲ್ಲು ಹೇರಿದ ದೋಣಿ ಕೆಳಗೆ ನುಸುಳಿ ಹೋಗಲೆಂದು. ಒಂದು ಕಾಲದಲ್ಲಿ ಹಾಲು, ಹುಲ್ಲು, ದನ, ಅಂಚೆ ಎಲ್ಲವೂ 'ಪುಂಟರ್' ಎಂಬ ಚಪ್ಪಟೆ ತಳದ ದೋಣಿಯಲ್ಲೇ ಓಡಾಡಿದ್ದವು. ಉದ್ದನೆಯ ಗಳು ಊರಿ ಅದನ್ನು ತಳ್ಳುತ್ತಾರೆ.

ಮನೆಗಳಿಗೆ ಜೊಂಡಿನ ಹೊದಿಕೆ. ನಮ್ಮ ಹುಲ್ಲುಮಾಡಿನ ಹಾಗಲ್ಲ, ಅಡಿಗಟ್ಟಲೆ ದಪ್ಪನಾಗಿ, ಬಾಚಣಿಗೆಯಲ್ಲಿ ಬಾಚಿದಷ್ಟು ಒಪ್ಪವಾಗಿರುತ್ತದೆ. ಚಳಿಗಾಲದಲ್ಲಿ ಸುತ್ತಲಿನ ಜವುಗಿನಲ್ಲಿ ಜೊಂಡು ಕೊಯ್ದು ಕಟ್ಟು ಕಟ್ಟುತ್ತಾರೆ. ಸರಿಯಾಗಿ ಹೊದಿಸಿದರೆ ಮೂವತ್ತು ನಲವತ್ತು ವರ್ಷ ಬಾಳುತ್ತದಂತೆ. ಕೆಲವು ಮನೆಗಳ ಹಿಂಭಾಗ ಮುಂಭಾಗಕ್ಕಿಂತ ಎತ್ತರವಾಗಿ ಒಂಟೆಯ ಡುಬ್ಬದಂತೆ ಕಾಣುತ್ತದೆ. ಹುಲ್ಲು ಹೆಚ್ಚಾಯಿತು, ಕೊಟ್ಟಿಗೆ ಅಗಲ ಮಾಡಲು ನೆಲವಿಲ್ಲ. ಹಾಗಾಗಿ ಮೇಲಕ್ಕೆ ಏರಿಸಿದರು.

"ನೆಲವಿಲ್ಲ" ಎಂಬ ಮಾತು ನನ್ನ ಕಿವಿಯಲ್ಲಿ ನಿಂತುಬಿಟ್ಟಿತು. ಯಾಕೆ ಇಲ್ಲ? ಎಲ್ಲಿ ಹೋಯಿತು?

ಒಲೆಗೆ ಹೋದ ನೆಲ

ಮರುದಿನ ಬೆಳಿಗ್ಗೆ ಎಂಟಕ್ಕೆಲ್ಲ ಮೈದಾನದ ಆ ಹೆಂಗಸು ಬಿಸಿ ಬಿಸಿ ಆ್ಯಪಲ್ ಕೇಕು ಹಿಡಿದು ಬಂದರು. ಮಗಳಿಗೆ ಅವರ ಭಾಷೆ ಸ್ವಲ್ಪ ಬರುತ್ತದೆ. ಅವಳ ಬಾಯಿಂದಲೇ ನನ್ನ ಪ್ರಶ್ನೆ ಕೇಳಿಸಿದೆ. ಅವರು ಒಳಗೆ ಹೋಗಿ ಒಂದು ಕಂದು ಬಣ್ಣದ ಇಟ್ಟಿಗೆಯನ್ನು ತಂದು ನನ್ನ ಕೈಗಿಟ್ಟರು. ಇಟ್ಟಿಗೆಯೆಂದು ಭಾರಕ್ಕೆ ಕೈ ಗಟ್ಟಿ ಮಾಡಿಕೊಂಡರೆ, ಒಣ ಬೆರಣಿಯಷ್ಟು ಹಗುರ!

ಅದು ಪೀಟ್. ಸಾವಿರಾರು ವರ್ಷ ನೀರಿನಲ್ಲಿ ಪಾಚಿ, ಹುಲ್ಲು, ಜೊಂಡು ಕೊಳೆತು ಆದ ಕಪ್ಪು ಮಣ್ಣು. ಒಣಗಿಸಿದರೆ ಚೆನ್ನಾಗಿ ಉರಿಯುತ್ತದೆ. ಕಾಡು ಕಡಿಮೆಯಿದ್ದ ಆ ದೇಶದ ಪಟ್ಟಣಗಳಲ್ಲಿ ಶತಮಾನಗಳ ಕಾಲ ಒಲೆ ಉರಿದದ್ದು, ಮನೆ ಬೆಚ್ಚಗಾದದ್ದು ಬಹುಪಾಲು ಇದರಿಂದಲೇ. ಈ ಸೀಮೆಯ ಜನ ಬದುಕಿದ್ದು ತಮ್ಮ ಕಾಲ ಕೆಳಗಿನ ನೆಲವನ್ನೇ ಅಗೆದು ಮಾರಿ. ನೀರಿನ ತಳದಿಂದ ಉದ್ದ ಹಿಡಿಯ ಬಲೆಯಲ್ಲಿ ಕೆಸರು ಎತ್ತುವರು. ಅದನ್ನು ಪಕ್ಕದ ಉದ್ದನೆಯ ಬದುವಿನ ಮೇಲೆ ಹರಡಿ, ತುಳಿದು, ಇಟ್ಟಿಗೆಯಂತೆ ಕತ್ತರಿಸಿ ಒಣಹಾಕುವರು. ಒಣಗಿದ್ದನ್ನು ಮಗುಚಿ ಒಟ್ಟುವ ಕೆಲಸ ಹೆಂಗಸರು ಮಕ್ಕಳದ್ದು. ಸಾಗಿಸಲು ತೋಡಿದ ಕಾಲುವೆಗಳೇ ಇಂದು ನಾವು ಫೋಟೋ ತೆಗೆದುಕೊಳ್ಳುವ ನಾಲೆಗಳು.

"ನಮ್ಮ ಅಜ್ಜಿ ಕಾಲದಲ್ಲಿ ಈ ಊರನ್ನ ನೋಡೋಕೆ ಯಾರೂ ಬರ್ತಿರಲಿಲ್ಲ. ಬಡವರ ಊರು ಇದು. ಅಜ್ಜಿಯ ಕೈ ಸಾಯೋ ತನಕ ಕಪ್ಪಾಗೇ ಇತ್ತು" ಅಂದರು ಆಕೆ. ನನ್ನ ಕೈಯಲ್ಲಿದ್ದ ಇಟ್ಟಿಗೆಯನ್ನು ನೋಡಿದೆ. ಬೆರಳಿಗೆಲ್ಲ ಕಪ್ಪು ಹತ್ತಿತ್ತು.

ಆಮೇಲೆ ಆಕೆ ಹೇಳಿದ್ದೇ ನನ್ನ ಎದೆಗೆ ತಗುಲಿದ ಮಾತು. ಹೊಂಡ ಹೊಂಡಗಳ ನಡುವೆ ಬದುಗಳನ್ನು ಬಿಡಬೇಕು, ಇಷ್ಟು ಅಗಲ ಇರಬೇಕು ಅಂತ ಕಟ್ಟಳೆಯೇನೋ ಇತ್ತು. ಆದರೆ ಬದುವಿನಲ್ಲಿ ಇರುವುದೂ ಪೀಟೇ ತಾನೇ? ನಮ್ಮಲ್ಲಿ ಬದು ಒತ್ತುವುದು ಅನ್ನುತ್ತೇವಲ್ಲ, ಹಾಗೆ ಒಬ್ಬರು ಒಂದು ಗುದ್ದಲಿ, ಇನ್ನೊಬ್ಬರು ಒಂದು ಗುದ್ದಲಿ ಒತ್ತುತ್ತ ಬಂದರು. ಬದುಗಳು ಸಣ್ಣಗಾದವು. 1775 ಮತ್ತು 1776ರಲ್ಲಿ ಬಿರುಗಾಳಿಯೊಂದಿಗೆ ಸಮುದ್ರದ ನೀರು ಕಟ್ಟೆ ಒಡೆದು ನುಗ್ಗಿದಾಗ ತಡೆಯಲು ಏನೂ ಉಳಿದಿರಲಿಲ್ಲ. ಪಕ್ಕದ ಬ್ಯೂಲಾಕ ಎಂಬ ಹಳ್ಳಿ ಕೊಚ್ಚಿಹೋಯಿತು. ಅದು ಇದ್ದ ಕಡೆ ಈಗ ಕಣ್ಣು ಹಾಯುವಷ್ಟು ದೂರ ಕೆರೆ. 1825ರಲ್ಲಿ ಮತ್ತೆ ಪ್ರವಾಹ.

ದೋಣಿಯಲ್ಲಿ ಒಂದು ಜಗಳ

ಹತ್ತು ಗಂಟೆಯ ಜನಜಂಗುಳಿಗೆ ಮುಂಚೆಯೇ ದೋಣಿ ಹಿಡಿದೆವು. ಬ್ಯಾಟರಿಯಿಂದ ಓಡುವ ಈ ದೋಣಿಗೆ 'ಪಿಸುಮಾತಿನ ದೋಣಿ' ಎಂದು ಹೆಸರು, ಸದ್ದೇ ಇಲ್ಲ. ನಡೆಸಲು ಲೈಸೆನ್ಸು ಬೇಡ. ಅಳಿಯ ಕೂತರು, ಎರಡು ಸಲ ದಡಕ್ಕೆ ಗುದ್ದಿದರು, ಮೂರನೇ ಸಲ ಇನ್ನೊಂದು ದೋಣಿಗೆ. ಆ ದೋಣಿಯವರು ನಕ್ಕು ಕೈಯಾಡಿಸಿದರು. ನೀರಿನ ಆಳ ಹೆಚ್ಚು ಕಡೆ ಎದೆಮಟ್ಟಕ್ಕೂ ಇಲ್ಲ, ಆದ್ದರಿಂದ ಹೆದರಿಕೆಯಿಲ್ಲ. ಹೈಡ್ರೇಂಜಿಯಾ ಗಿಡಗಳ ಸಾಲು, ಬಾತುಕೋಳಿ ಮರಿಗಳು, ಕಿಟಕಿಯಲ್ಲಿ ಪರದೆಯಿಲ್ಲದ ಮನೆಗಳು. ಒಬ್ಬಾಕೆ ಅಂಗಳದಲ್ಲಿ ಬಟ್ಟೆ ಒಣಹಾಕುತ್ತಿದ್ದರು. ಐದಾರು ದೋಣಿಯವರು ಕ್ಯಾಮೆರಾ ಎತ್ತಿದರು. ಆಕೆ ತಲೆಯೆತ್ತದೆ ಚಡ್ಡಿ, ಅಂಗಿ ಎಲ್ಲ ತಂತಿಗೆ ಹಾಕಿ ಒಳಗೆ ಹೋದರು. ನಮ್ಮ ಹಿತ್ತಿಲಿಗೆ ದಿನಾ ಯಾರಾದರೂ ಹೀಗೆ ಬಂದು ನೋಡಿದರೆ? ಸುಮಾರು 2,800 ಜನರ ಊರು ಇದು. ವರ್ಷಕ್ಕೆ ಲಕ್ಷಗಟ್ಟಲೆ ಪ್ರವಾಸಿಗರು. 1958ರಲ್ಲಿ ಬರ್ಟ್ ಹಾನ್‌ಸ್ತ್ರಾ ಎಂಬ ನಿರ್ದೇಶಕರು 'ಫ್ಯಾನ್‌ಫೇರ್' ಎಂಬ ಹಾಸ್ಯಚಿತ್ರವನ್ನು ಇಲ್ಲಿ ತೆಗೆದ ಮೇಲೆ ಶುರುವಾದ ಜಾತ್ರೆ. ನಾನು ಕ್ಯಾಮೆರಾವನ್ನು ಚೀಲಕ್ಕೆ ಹಾಕಿಕೊಂಡೆ.

ನಾಲೆ ಮುಗಿದು ವಿಶಾಲವಾದ ಕೆರೆಗೆ ದೋಣಿ ಬಂತು. ಗದ್ದೆಯ ವಿಷಯವನ್ನು ಮಗಳಿಗೆ ಆಗ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಆದ್ರೆ ಅಮ್ಮ, ಇವರು ಅಗೆದಿದ್ದಕ್ಕೇ ಅಲ್ವಾ ಇವತ್ತು ಈ ಊರು ಇಷ್ಟು ಚೆಂದ ಇರೋದು?" ಅಂದಳು. ತಮ್ಮನ ಪರ ವಕಾಲತ್ತು!

"ಅಗೆದವರಿಗೆ ಏನು ಸಿಕ್ತು ಹೇಳು. ಅಜ್ಜಿಗೆ ಕಪ್ಪು ಕೈ ಸಿಕ್ತು. ಪಕ್ಕದ ಊರು ನೀರು ಪಾಲಾಯ್ತು. ಚೆಂದ ಬಂದಿದ್ದು ಇನ್ನೂರು ವರ್ಷ ಆದ ಮೇಲೆ. ನಿನ್ನ ತಮ್ಮ ಅಷ್ಟು ದಿನ ಅಂಗಡಿ ತೆಗೆದುಕೊಂಡು ಕಾಯ್ತಾನಾ?" ಅಂದೆ. ದನಿ ಜೋರಾಗಿತ್ತೇನೋ, ಮೊಮ್ಮಗಳು "ಅಜ್ಜಿ, ಇದು ಪಿಸುಮಾತಿನ ದೋಣಿ" ಅಂದಳು. ಇಬ್ಬರೂ ನಕ್ಕೆವು. ಆದರೆ ಮಗಳು ಬಿಡಲಿಲ್ಲ. "ಸಹಿ ಹಾಕದಿದ್ರೆ ಅವನಿಗೆ ದುಡ್ಡಿಗೆ ಏನು ದಾರಿ ಅಂತಲೂ ಯೋಚಿಸು" ಅಂದಳು. ಆ ಮಾತೂ ಸರಿಯೇ. ಬೇಡ ಅನ್ನುವುದು ಸುಲಭ. ಅದರ ಭಾರ ಇನ್ನೊಬ್ಬರ ಹೆಗಲಿಗೆ ಬೀಳುತ್ತದೆ.

ಕೆರೆಯ ಆಚೆಗೆಲ್ಲ ಜವುಗು. ವೇರ್‌ರಿಬ್ಬನ್ ವೀಡನ್ ಎಂಬ ರಾಷ್ಟ್ರೀಯ ಉದ್ಯಾನ, ಸುಮಾರು ಹತ್ತು ಸಾವಿರ ಹೆಕ್ಟೇರು. ದೇಶದಲ್ಲೇ ಕಾಣದಂತಾಗಿದ್ದ ನೀರುನಾಯಿಗಳನ್ನು 2002ರಲ್ಲಿ ತಂದು ಇಲ್ಲಿ ಬಿಟ್ಟರು, ಈಗ ಮರಿಮಕ್ಕಳೊಂದಿಗೆ ಸುಖವಾಗಿವೆ. ಈ ಜವುಗನ್ನೂ ಸುಮ್ಮನೆ ಬಿಟ್ಟರೆ ಗಿಡಗಂಟಿ ಬೆಳೆದು ಕಾಡಾಗಿಬಿಡುತ್ತದೆ. ಆದ್ದರಿಂದ ವರ್ಷ ವರ್ಷವೂ ಜೊಂಡು ಕೊಯ್ಯುತ್ತಲೇ ಇರಬೇಕು. ಒಂದು ಸಲ ಕೆಡಿಸಿದ ನೆಲವನ್ನು ನೋಡಿಕೊಳ್ಳುವ ಕೆಲಸಕ್ಕೆ ಕೊನೆಯೇ ಇಲ್ಲ ನೋಡಿ.

ಹಿಂದಿರುಗುವಾಗ

ಶನಿವಾರ ಬೆಳಿಗ್ಗೆ ಆ ಹೆಂಗಸಿಗೆ ಉಳಿದ ಚಟ್ನಿಪುಡಿಯ ಪೊಟ್ಟಣ ಕೊಟ್ಟೆ. ಬ್ರೆಡ್ಡು, ಬೆಣ್ಣೆಯ ಮೇಲೆ ಉದುರಿಸಿಕೊಂಡು ತಿನ್ನಿ ಅಂತ ಕೈಸನ್ನೆಯಲ್ಲೇ ಹೇಳಿಕೊಟ್ಟೆ. ಹಿಂತಿರುಗುವ ದಾರಿ ಬ್ಯೂಲಾಕ ಕೆರೆಯ ಅಂಚಿನಲ್ಲೇ ಹೋಗುತ್ತದೆ. ವ್ಯಾನು ನಿಲ್ಲಿಸಿಸಿ ಇಳಿದೆ. ಹಾಯಿದೋಣಿಗಳು ಓಡಾಡುತ್ತಿದ್ದವು. ಕೆಳಗೆ ಒಂದು ಊರಿತ್ತು, ಅಲ್ಲೂ ನಮ್ಮ ಹಾಗೇ ಹೆಂಗಸರು ಒಲೆ ಹಚ್ಚುತ್ತಿದ್ದರು ಅಂತ ಯಾರಿಗೂ ನೆನಪಿರಲಿಕ್ಕಿಲ್ಲ.

ಅಲ್ಲಿಂದಲೇ ಮಗನಿಗೆ ಫೋನು ಮಾಡಿದೆ. "ಮಣ್ಣಿಗೆ ಸಹಿ ಹಾಕೋಲ್ಲ ಕಣೋ. ನನ್ನ ಎರಡು ಜೊತೆ ಬಳೆ ಇದೆಯಲ್ಲ, ಬ್ಯಾಂಕಿನಲ್ಲಿಟ್ಟು ಸಾಲ ತಗೋ. ಬಳೆ ಬಿಡಿಸಿಕೊಳ್ಳಬಹುದು" ಅಂದೆ. ಅವನು ಏನೂ ಹೇಳದೆ ಫೋನು ಇಟ್ಟ. ನಾನು ಊರಿಗೆ ಬಂದು ಎರಡು ತಿಂಗಳಾದರೂ ಅವನ ಮುಖದ ಗಂಟು ಪೂರ್ತಿ ಸಡಿಲಾಗಿಲ್ಲ. ಬಳೆ ಬ್ಯಾಂಕಿನಲ್ಲಿದೆ, ಗದ್ದೆಯಲ್ಲಿ ನಾಟಿ ಆಗಿದೆ. ಅಂಗಡಿಗೆ ಹೊಸ ಬೀರು ಬಂದಿದೆ. ಅವನು ಅಂದುಕೊಂಡಷ್ಟು ದೊಡ್ಡದಲ್ಲ, ಸಣ್ಣದೇ.

ನಿಮ್ಮಲ್ಲಿಯೂ ಎಷ್ಟೋ ಜನರ ಮಕ್ಕಳು ಆ ದೇಶದಲ್ಲಿದ್ದಾರೆ. ಹೋಗುವ ಅವಕಾಶ ಬಂದರೆ ಈ ನಾಲ್ಕು ಮಾತು ನೆನಪಿಡಿ. ಶನಿವಾರ, ಭಾನುವಾರ ಬಿಟ್ಟು ಹೋಗಿ. ಬೆಳಿಗ್ಗೆ ಬೇಗ ಇಲ್ಲವೇ ಸಂಜೆ ಊರು ನೋಡಿ. ಮೇ ತಿಂಗಳಲ್ಲೂ ಸ್ವೆಟರು, ಮಳೆಯ ಕೋಟು ಇರಲಿ. ಸೇತುವೆಯ ಬಾಗಿಲಿಗೆ 'ಖಾಸಗಿ' ಎಂಬ ಫಲಕವಿದ್ದರೆ ದಾಟಬೇಡಿ, ಆಚೆಗಿರುವುದು ಒಬ್ಬರ ಅಂಗಳ. ವ್ಯಾನಿನ ಬೀರುವಿನ ಚಿಲಕ ಹಾಕುವುದನ್ನಂತೂ ಮರೆಯಲೇಬೇಡಿ. ಅವಲಕ್ಕಿ ಆರಿಸುವ ಕಷ್ಟ ನನಗೆ ಗೊತ್ತು!